ಒಬ್ಬರೇ ಲಾಸ್ ವೇಗಾಸ್‌ಗೆ: ಪ್ರವಾಸದ ಪಟ್ಟಿಯಲ್ಲಿ ಅಡಗಿದ ಚರಿತ್ರೆ

ಹಂಪಿಗೋ ಬೇಲೂರಿಗೋ ಹೊರಟವರು ಆ ಊರಿನ ಚರಿತ್ರೆಯನ್ನು ಒಂದಿಷ್ಟಾದರೂ ತಿಳಿದುಕೊಂಡು ಹೊರಡುತ್ತಾರೆ. ಅಮೆರಿಕದ ಲಾಸ್ ವೇಗಾಸ್‌ಗೆ ಹೊರಟವರಲ್ಲಿ ಆ ರೂಢಿ ಕಡಿಮೆ. ಜೂಜಿನ ಊರಿಗೆ ಎಂಥ ಚರಿತ್ರೆ ಎಂಬ ಉದಾಸೀನವೇ ಇದಕ್ಕೆ ಕಾರಣ. ಅದರಲ್ಲೂ ಮೊದಲ ಸಲ, ಜೊತೆಗೆ ಯಾರೂ ಇಲ್ಲದೆ ಒಬ್ಬರೇ ಹೊರಟವರ ಚಿಂತೆಗಳೇ ಬೇರೆ. ಯಾವ ದಿನ ಹೋದರೆ ಅಗ್ಗ? ಎಲ್ಲಿ ಇಳಿದುಕೊಳ್ಳುವುದು? ಊಟಕ್ಕೆ ಎಷ್ಟು ಖರ್ಚಾದೀತು? ಜೂಜಿನ ಮೇಜಿನ ಮುಂದೆ ಕುಳಿತುಕೊಳ್ಳುವುದೇ ಆದರೆ ಎಷ್ಟು ಹಣ ಬೇಕು? ಒಬ್ಬರೇ ಓಡಾಡುವುದಕ್ಕೆ ಭಯವಿಲ್ಲವೇ? ಪಟ್ಟಿ ಇಷ್ಟಕ್ಕೆ ಮುಗಿಯುತ್ತದೆ.

ಸ್ವಾರಸ್ಯವೆಂದರೆ, ಈ ಒಂದೊಂದು ಪ್ರಶ್ನೆಯ ಹಿಂದೆಯೂ ಚರಿತ್ರೆಯ ಒಂದೊಂದು ಅಧ್ಯಾಯವಿದೆ. ಪ್ರವಾಸಿ ತನ್ನ ಯೋಜನೆ ಹಾಕುವುದಕ್ಕೆ ಎಷ್ಟೋ ವರ್ಷ ಮೊದಲೇ ಆ ಊರು ಅವನಿಗಾಗಿ ಯೋಜನೆ ಹಾಕಿ ಮುಗಿಸಿದೆ. ಅದನ್ನು ತಿಳಿದು ಹೋಗುವವನಿಗೂ ತಿಳಿಯದೆ ಹೋಗುವವನಿಗೂ ಜೇಬಿನ ಮಟ್ಟಿಗಾದರೂ ಸಾಕಷ್ಟು ವ್ಯತ್ಯಾಸವಿದೆ.

ಹುಲ್ಲುಗಾವಲಿನಲ್ಲಿ ಹರಾಜು

'ಲಾಸ್ ವೇಗಾಸ್' ಎಂದರೆ ಸ್ಪ್ಯಾನಿಷ್ ಭಾಷೆಯಲ್ಲಿ ಹುಲ್ಲುಗಾವಲು. ನೆವಾಡದ ಮರುಭೂಮಿಯಲ್ಲಿ ಈ ಹೆಸರು ವಿಚಿತ್ರವಾಗಿ ಕಂಡರೂ ಅದು ಸುಳ್ಳಲ್ಲ. ಅಲ್ಲಿ ನೆಲದಿಂದ ಉಕ್ಕುವ ಚಿಲುಮೆಗಳಿದ್ದವು. ಅವುಗಳ ಸುತ್ತ ಹಸಿರಿತ್ತು. ದಕ್ಷಿಣ ಪೈಯೂಟ್ ಎಂಬ ಮೂಲನಿವಾಸಿಗಳು ಈ ನೀರನ್ನು ನಂಬಿ ಬಾಳುತ್ತಿದ್ದರು. 1829ರಲ್ಲಿ ನ್ಯೂ ಮೆಕ್ಸಿಕೋದಿಂದ ಕ್ಯಾಲಿಫೋರ್ನಿಯಕ್ಕೆ ಹೊರಟ ವರ್ತಕರ ತಂಡವೊಂದು ಈ ದಾರಿ ಹಿಡಿದ ಮೇಲೆ ಹೊರಗಿನವರಿಗೆ ಈ ಜಾಗದ ಪರಿಚಯವಾಯಿತು. 1855ರಲ್ಲಿ ಮಾರ್ಮನ್ ಪಂಥದವರು ಬಂದು ಒಂದು ಕೋಟೆ ಕಟ್ಟಿದರು. ಎರಡೇ ವರ್ಷಗಳಲ್ಲಿ ಬಿಟ್ಟು ಹೋದರು.

ಊರು ಹುಟ್ಟಿದ್ದು ರೈಲಿನಿಂದ. ಲಾಸ್ ಏಂಜಲೀಸ್ ಮತ್ತು ಸಾಲ್ಟ್ ಲೇಕ್ ನಗರಗಳ ನಡುವೆ ಹಳಿ ಹಾಕಿದ ಕಂಪೆನಿಗೆ ಉಗಿ ಇಂಜಿನ್‌ಗಳಿಗೆ ನೀರು ತುಂಬಿಸುವ ಒಂದು ತಂಗುದಾಣ ಬೇಕಿತ್ತು. ಚಿಲುಮೆಗಳಿದ್ದ ಜಾಗ ಅದಕ್ಕೆ ಹೇಳಿ ಮಾಡಿಸಿದಂತಿತ್ತು. ಸೆನೆಟರ್ ವಿಲಿಯಂ ಕ್ಲಾರ್ಕ್ ಅವರ ಈ ರೈಲ್ವೆ ಕಂಪೆನಿ 1905ರ ಮೇ 15ರಂದು ಸುಮಾರು 110 ಎಕರೆಯನ್ನು ನಿವೇಶನಗಳಾಗಿ ಮಾಡಿ ಹರಾಜು ಹಾಕಿತು. ಇಂದಿನ ನಗರದ ಜನ್ಮದಿನ ಅದೇ. ಮರುಭೂಮಿಯ ಬಿಸಿಲಿನಲ್ಲಿ ನಿಂತು ಕೂಗಿದವರ ಪೈಕಿ ನಿವೇಶನ ಬೇಕಾದವರು ಕೆಲವರು, ಬೆಲೆ ಏರಿದಾಗ ಮಾರಿ ಲಾಭ ಮಾಡಿಕೊಳ್ಳಲು ಬಂದವರು ಕೆಲವರು. ಅಂದರೆ ಊರಿನ ಮೊದಲ ಜೂಜು ನಡೆದದ್ದು ನೆಲದ ಮೇಲೆಯೇ ಎನ್ನಬಹುದು.

1931ರ ಮೂರು ಸಂಗತಿಗಳು

ಆಶ್ಚರ್ಯವೆಂದರೆ, ಊರು ಹುಟ್ಟಿದ ನಾಲ್ಕೇ ವರ್ಷಕ್ಕೆ, 1909ರಲ್ಲಿ, ನೆವಾಡ ರಾಜ್ಯವು ಜೂಜನ್ನು ನಿಷೇಧಿಸುವ ಕಾನೂನು ಮಾಡಿತ್ತು. ಮರೆಯಲ್ಲಿ ಆಟ ನಡೆಯುತ್ತಲೇ ಇತ್ತು, ಆ ಮಾತು ಬೇರೆ. ಮಹಾ ಆರ್ಥಿಕ ಕುಸಿತದ ದಿನಗಳಲ್ಲಿ ರಾಜ್ಯದ ಬೊಕ್ಕಸ ಬರಿದಾಯಿತು. ಗಣಿಗಳು ಸೊರಗಿದ್ದವು. 1931ರ ಮಾರ್ಚ್ 19ರಂದು ಗವರ್ನರ್ ಫ್ರೆಡ್ ಬಾಲ್ಜರ್ ಜೂಜಿಗೆ ಪರವಾನಗಿ ನೀಡುವ ಮಸೂದೆಗೆ ಸಹಿ ಹಾಕಿದರು.

ಅದೇ ವರ್ಷ ವಿಚ್ಛೇದನದ ಕಾನೂನೂ ಸಡಿಲವಾಯಿತು. ನೆವಾಡದಲ್ಲಿ ಆರು ವಾರ ವಾಸವಾಗಿದ್ದರೆ ಸಾಕು, ವಿಚ್ಛೇದನಕ್ಕೆ ಅರ್ಜಿ ಹಾಕಬಹುದಾಗಿತ್ತು. ಬೇರೆ ರಾಜ್ಯಗಳಲ್ಲಿ ವರ್ಷಗಟ್ಟಲೆ ಕಾಯಬೇಕಾಗಿದ್ದವರು ಇಲ್ಲಿಗೆ ಬಂದು ಆರು ವಾರ ಒಬ್ಬರೇ ತಂಗತೊಡಗಿದರು. ಇವರಲ್ಲಿ ಹೆಂಗಸರೇ ಹೆಚ್ಚು. ಈ ವ್ಯವಹಾರದಲ್ಲಿ ರೀನೊ ನಗರವೇ ಮುಂದಿತ್ತಾದರೂ 1939ರಲ್ಲಿ ಚಿತ್ರನಟ ಕ್ಲಾರ್ಕ್ ಗೇಬಲ್ ಅವರ ಪತ್ನಿ ರಿಯಾ, ವಿಚ್ಛೇದನಕ್ಕಾಗಿ ಲಾಸ್ ವೇಗಾಸ್‌ನಲ್ಲಿ ಬಂದು ಉಳಿದದ್ದು ಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯಾಯಿತು. ಇಲ್ಲಿಗೆ ಒಬ್ಬರೇ ಬರುವುದು ಹೊಸದೇನೂ ಅಲ್ಲ ಎಂಬುದಕ್ಕೆ ಇಷ್ಟು ಸಾಕು.

ಮೂರನೆಯ ಸಂಗತಿ ಅಣೆಕಟ್ಟು. ಸುಮಾರು 30 ಮೈಲಿ ದೂರದಲ್ಲಿ ಕೊಲರಾಡೊ ನದಿಗೆ ಹೂವರ್ ಅಣೆಕಟ್ಟು ಕಟ್ಟುವ ಕೆಲಸ 1931ರಲ್ಲಿಯೇ ಶುರುವಾಯಿತು. ಕೆಲಸ ಭರದಿಂದ ಸಾಗಿದ್ದಾಗ ಅಲ್ಲಿ ದುಡಿದವರು 5,000ಕ್ಕೂ ಹೆಚ್ಚು ಜನ. ಸರ್ಕಾರಿ ಲೆಕ್ಕದ ಪ್ರಕಾರ 96 ಕಾರ್ಮಿಕರು ಕಟ್ಟಡದ ಕೆಲಸದಲ್ಲಿ ಪ್ರಾಣ ಕಳೆದುಕೊಂಡರು. ಕಾರ್ಮಿಕರಿಗಾಗಿ ಕಟ್ಟಿದ ಬೌಲ್ಡರ್ ಸಿಟಿಯಲ್ಲಿ ಮದ್ಯಕ್ಕೂ ಜೂಜಿಗೂ ಅವಕಾಶವಿರಲಿಲ್ಲ. ಹೀಗಾಗಿ ಸಂಬಳದ ದಿನ ಬಂತೆಂದರೆ ಇವರೆಲ್ಲ ಲಾಸ್ ವೇಗಾಸ್ ಕಡೆಗೆ ಮುಖ ಮಾಡುತ್ತಿದ್ದರು. ಸಂಸಾರವನ್ನು ದೂರದ ಊರಿನಲ್ಲಿ ಬಿಟ್ಟು ಬಂದ ಗಂಡಸು, ಕೈಯಲ್ಲಿ ಆಗತಾನೇ ಬಂದ ಸಂಬಳ, ಎದುರಿಗೆ ಫ್ರೀಮಾಂಟ್ ಬೀದಿಯ ದೀಪಗಳು. ಊರು ಗುರುತಿಸಿದ ಮೊದಲ ಗಿರಾಕಿ ಇವನೇ.

ಎಲ್ಲಿ ಇಳಿದುಕೊಳ್ಳುವುದು?

ಇಂದಿನ ಪ್ರವಾಸಿ 'ಸ್ಟ್ರಿಪ್' ಎಂಬ ರಸ್ತೆಯ ಇಕ್ಕೆಲಗಳ ಹೋಟೆಲ್‌ಗಳಲ್ಲಿ ಒಂದನ್ನು ಆರಿಸಿಕೊಳ್ಳುತ್ತಾನೆ. ತಾನು ಲಾಸ್ ವೇಗಾಸ್ ನಗರದಲ್ಲಿ ಇಳಿದುಕೊಂಡಿದ್ದೇನೆ ಎಂದುಕೊಳ್ಳುತ್ತಾನೆ. ಆದರೆ ಸ್ಟ್ರಿಪ್‌ನ ಬಹುಭಾಗ ನಗರದ ಎಲ್ಲೆಯೊಳಗೆ ಇಲ್ಲವೇ ಇಲ್ಲ! 1941ರ ಏಪ್ರಿಲ್‌ನಲ್ಲಿ ಥಾಮಸ್ ಹಲ್ ಎಂಬ ಹೋಟೆಲ್ ಉದ್ಯಮಿ ಲಾಸ್ ಏಂಜಲೀಸ್ ಹೆದ್ದಾರಿಯ ಪಕ್ಕ, ನಗರದ ಗಡಿಯ ಆಚೆ, 'ಎಲ್ ರಾಂಚೊ ವೇಗಾಸ್' ತೆರೆದರು. ಅಲ್ಲಿ ನೆಲ ಅಗ್ಗ, ನಗರದ ತೆರಿಗೆಯಿಲ್ಲ, ಕಾರು ನಿಲ್ಲಿಸಲು ಬೇಕಾದಷ್ಟು ಜಾಗ. ರೈಲು ನಿಲ್ದಾಣದ ಎದುರು ಬೆಳೆದಿದ್ದ ಊರು ಅಂದಿನಿಂದ ಕಾರಿನ ದಾರಿಗೆ ತಿರುಗಿತು. ಮುಂದೆ ನಗರಸಭೆ ಈ ಹೋಟೆಲ್‌ಗಳನ್ನು ತನ್ನ ತೆಕ್ಕೆಗೆ ತೆಗೆದುಕೊಳ್ಳಲು ನೋಡಿದಾಗ ಮಾಲೀಕರು ಒಪ್ಪಲಿಲ್ಲ. 1950ರಲ್ಲಿ ಆ ಪ್ರದೇಶಕ್ಕೆ 'ಪ್ಯಾರಡೈಸ್' ಎಂಬ ಪ್ರತ್ಯೇಕ ಪಟ್ಟಣದ ಸ್ಥಾನ ಕೊಡಿಸಿಕೊಂಡು ಪಾರಾದರು. ಆ ವ್ಯವಸ್ಥೆ ಇಂದಿಗೂ ಹಾಗೆಯೇ ಇದೆ.

1946ರ ಡಿಸೆಂಬರ್ 26ರಂದು ಬಾಗಿಲು ತೆರೆದ 'ಫ್ಲಮಿಂಗೊ' ಹೋಟೆಲ್ ಇನ್ನೊಂದು ತಿರುವು. ಅದರ ಉಸ್ತುವಾರಿ ವಹಿಸಿದ್ದವನು ಬಗ್ಸಿ ಸೀಗಲ್ ಎಂಬ ಪಾತಕಿ. ಆರು ತಿಂಗಳೊಳಗೆ, 1947ರ ಜೂನ್‌ನಲ್ಲಿ, ಅವನು ಬೆವರ್ಲಿ ಹಿಲ್ಸ್‌ನ ಮನೆಯೊಂದರಲ್ಲಿ ಗುಂಡೇಟಿಗೆ ಬಲಿಯಾದ. ಅಲ್ಲಿಂದ ಮುಂದೆ ಮೂರು ದಶಕ ಪಾತಕಿಗಳ ತಂಡಗಳು ಹಲವು ಹೋಟೆಲ್‌ಗಳ ಹಿಂದೆ ಇದ್ದವು. ಲೆಕ್ಕಕ್ಕೆ ಬರುವ ಮೊದಲೇ ಎಣಿಕೆಯ ಕೋಣೆಯಿಂದ ನಗದು ಹಣ ಎತ್ತಿ ಸಾಗಿಸುವುದು ಅವರ ಪದ್ಧತಿ. ಲಾರಿ ಚಾಲಕರ ಸಂಘದ ಪಿಂಚಣಿ ನಿಧಿಯಿಂದಲೇ ಹಲವು ಹೋಟೆಲ್‌ಗಳಿಗೆ ಸಾಲ ಸಿಕ್ಕಿತ್ತು. ರಾಜ್ಯ ಸರ್ಕಾರ 1955ರಲ್ಲಿ ಜೂಜು ನಿಯಂತ್ರಣ ಮಂಡಳಿಯನ್ನೂ 1959ರಲ್ಲಿ ಆಯೋಗವನ್ನೂ ರಚಿಸಿತು. 1967ರಿಂದ ಕೋಟ್ಯಧೀಶ ಹೊವಾರ್ಡ್ ಹ್ಯೂಸ್ ಒಂದರ ಹಿಂದೆ ಒಂದು ಹೋಟೆಲ್ ಕೊಂಡರು. ಷೇರು ಮಾರುಕಟ್ಟೆಯ ಕಂಪೆನಿಗಳಿಗೂ ಜೂಜಿನ ಪರವಾನಗಿ ಸಿಗುವಂತೆ ಕಾನೂನು ಬದಲಾಯಿತು. ಈಗ ಸ್ಟ್ರಿಪ್‌ನ ಹೆಚ್ಚಿನ ದೊಡ್ಡ ಹೋಟೆಲ್‌ಗಳು ಎರಡೇ ಕಂಪೆನಿಗಳ ಕೈಯಲ್ಲಿವೆ.

ಮುಚ್ಚಿದ್ದ ಬಾಗಿಲು

ಎಲ್ಲಿ ಇಳಿದುಕೊಳ್ಳುವುದು ಎಂಬುದು ಇಂದು ಹಣದ ಪ್ರಶ್ನೆ. 1960ಕ್ಕೆ ಮೊದಲು ಅದು ಮೈಬಣ್ಣದ ಪ್ರಶ್ನೆಯಾಗಿತ್ತು. ನ್ಯಾಟ್ ಕಿಂಗ್ ಕೋಲ್, ಸ್ಯಾಮಿ ಡೇವಿಸ್ ಜೂನಿಯರ್ ಅಂಥ ಪ್ರಸಿದ್ಧ ಕಲಾವಿದರ ಹೆಸರು ಹೋಟೆಲ್‌ಗಳ ಮುಂದೆ ದೀಪಾಕ್ಷರಗಳಲ್ಲಿ ಬೆಳಗುತ್ತಿದ್ದ ಕಾಲದಲ್ಲಿಯೂ ಅವರಿಗೆ ಅದೇ ಹೋಟೆಲ್‌ಗಳಲ್ಲಿ ಮಲಗಲು ಕೋಣೆ ಸಿಗುತ್ತಿರಲಿಲ್ಲ. ಹಾಡಿ ಕುಣಿದು ಚಪ್ಪಾಳೆ ಗಿಟ್ಟಿಸಿದ ಮೇಲೆ, ಅವರು ರೈಲು ಹಳಿಯ ಆಚೆಗಿನ ವೆಸ್ಟ್‌ಸೈಡ್ ಎಂಬ ಬಡಾವಣೆಗೆ ಹೋಗಿ ಬಾಡಿಗೆ ಕೋಣೆಗಳಲ್ಲಿ ಉಳಿಯಬೇಕಾಗಿತ್ತು. ಕಪ್ಪು ಜನಾಂಗದವರು ಆ ಹೋಟೆಲ್‌ಗಳಲ್ಲಿ ಕಸ ಗುಡಿಸಬಹುದಿತ್ತು, ಪಾತ್ರೆ ತೊಳೆಯಬಹುದಿತ್ತು. ಮೇಜಿನ ಮುಂದೆ ಗಿರಾಕಿಯಾಗಿ ಕುಳಿತುಕೊಳ್ಳುವಂತಿರಲಿಲ್ಲ.

1955ರ ಮೇ 24ರಂದು ವೆಸ್ಟ್‌ಸೈಡ್‌ಗೆ ಹತ್ತಿರದಲ್ಲಿ 'ಮೂಲಾಂ ರೂಜ್' ಎಂಬ ಹೋಟೆಲ್ ತೆರೆಯಿತು. ಬಿಳಿಯರು, ಕಪ್ಪು ವರ್ಣೀಯರು ಎನ್ನದೆ ಎಲ್ಲರಿಗೂ ಅಲ್ಲಿ ಪ್ರವೇಶವಿತ್ತು. ಮುಷ್ಟಿಯುದ್ಧದ ಮಾಜಿ ಚಾಂಪಿಯನ್ ಜೋ ಲೂಯಿ ಅಲ್ಲಿ ಅತಿಥಿಗಳನ್ನು ಬರಮಾಡಿಕೊಳ್ಳುತ್ತಿದ್ದರು. ಸ್ಟ್ರಿಪ್‌ನಲ್ಲಿ ಆಟ ಮುಗಿಸಿದ ಕಲಾವಿದರು ನಡುರಾತ್ರಿಯ ನಂತರ ಇಲ್ಲಿಗೆ ಬಂದು ಸೇರುತ್ತಿದ್ದರು. ಆದರೆ ವರ್ಷ ಮುಗಿಯುವ ಮೊದಲೇ ಹೋಟೆಲ್ ಮುಚ್ಚಿತು.

ಕಟ್ಟಡ ಮಾತ್ರ ಇನ್ನೊಂದು ಕೆಲಸಕ್ಕೆ ಉಳಿದಿತ್ತು. 1960ರಲ್ಲಿ, ಊರಿನ ದಂತವೈದ್ಯರೂ ಕಪ್ಪು ಜನರ ಹಕ್ಕುಗಳಿಗಾಗಿ ದುಡಿಯುತ್ತಿದ್ದ ಎನ್.ಎ.ಎ.ಸಿ.ಪಿ. ಸಂಘದ ಸ್ಥಳೀಯ ಅಧ್ಯಕ್ಷರೂ ಆಗಿದ್ದ ಜೇಮ್ಸ್ ಮೆಕ್‌ಮಿಲನ್, ಬೇಧಭಾವ ನಿಲ್ಲದಿದ್ದರೆ ಸ್ಟ್ರಿಪ್‌ನಲ್ಲಿ ಮೆರವಣಿಗೆ ನಡೆಸುವುದಾಗಿ ಗಡುವು ಕೊಟ್ಟರು. ಬೀದಿಯಲ್ಲಿ ಪ್ರತಿಭಟನೆಯಾದರೆ ಪ್ರವಾಸಿಗಳು ಬರುವುದಿಲ್ಲ ಎಂಬುದು ಹೋಟೆಲ್ ಮಾಲೀಕರಿಗೆ ಗೊತ್ತಿತ್ತು. ಮಾರ್ಚ್ 26ರಂದು ಮೂಲಾಂ ರೂಜ್‌ನಲ್ಲಿ ಮಾತುಕತೆ ನಡೆದು ಬಾಗಿಲು ತೆರೆಯಲು ಒಪ್ಪಂದವಾಯಿತು. ಅಮೆರಿಕದ ನಾಗರಿಕ ಹಕ್ಕುಗಳ ಕಾಯಿದೆ ಬಂದದ್ದು ಇನ್ನೂ ನಾಲ್ಕು ವರ್ಷಗಳ ನಂತರ, 1964ರಲ್ಲಿ. ಒಳ್ಳೆಯ ಉದ್ಯೋಗಗಳ ಬಾಗಿಲು ತೆರೆಯಲು ಮಾತ್ರ 1971ರಲ್ಲಿ ನ್ಯಾಯಾಲಯದ ಮಧ್ಯಪ್ರವೇಶ ಬೇಕಾಯಿತು. ಇಂದು ಯಾವ ದೇಶದ, ಯಾವ ಬಣ್ಣದ ಪ್ರವಾಸಿಯೇ ಆಗಲಿ ಪಾಸ್‌ಪೋರ್ಟ್ ತೋರಿಸಿ ಕೋಣೆಯ ಕೀಲಿ ಪಡೆಯುತ್ತಾನೆ. ಆ ಸಹಜತೆಗೆ ತೆತ್ತ ಬೆಲೆ ಯಾವ ಪ್ರವಾಸಿ ಕೈಪಿಡಿಯ ಮೊದಲ ಪುಟದಲ್ಲೂ ಕಾಣುವುದಿಲ್ಲ.

ಯಾವ ದಿನ? ಎಷ್ಟು ಬಾಡಿಗೆ?

ಕೋಣೆಯ ಬಾಡಿಗೆ ಶುಕ್ರವಾರ, ಶನಿವಾರ ಏರುತ್ತದೆ, ವಾರದ ನಡುವೆ ಇಳಿಯುತ್ತದೆ. ಕ್ಯಾಲಿಫೋರ್ನಿಯದಿಂದ ಕಾರಿನಲ್ಲಿ ಬರುವವರು ವಾರದ ಕೊನೆಯಲ್ಲೇ ಬರುವುದು ಇದಕ್ಕೆ ಕಾರಣ. ಉಳಿದ ದಿನಗಳಲ್ಲಿ ಕೋಣೆಗಳು ಖಾಲಿ ಬೀಳಬಾರದೆಂದು ಊರಿನವರು ಕಂಡುಕೊಂಡ ಉಪಾಯವೇ ಸಮ್ಮೇಳನಗಳು. 1959ರಲ್ಲಿ ಇದಕ್ಕೆಂದೇ ದೊಡ್ಡ ಸಮ್ಮೇಳನ ಭವನ ಕಟ್ಟಲಾಯಿತು. ಜನವರಿಯಲ್ಲಿ ನಡೆಯುವ ಎಲೆಕ್ಟ್ರಾನಿಕ್ಸ್ ಪ್ರದರ್ಶನದಂಥ ಮೇಳಗಳು ಬಂದಾಗ ವಾರದ ನಡುವೆಯೂ ಬಾಡಿಗೆ ಹಲವು ಪಟ್ಟು ಏರುವುದುಂಟು. ಬೆಂಗಳೂರಿನ ಇಂಜಿನಿಯರ್‌ಗಳಲ್ಲಿ ಲಾಸ್ ವೇಗಾಸ್ ಕಂಡವರು ಅನೇಕರು ಇಂಥ ಸಮ್ಮೇಳನಗಳ ನೆಪದಲ್ಲೇ ಕಂಡವರು. ಒಬ್ಬರೇ ಸ್ವಂತ ಖರ್ಚಿನಲ್ಲಿ ಹೋಗುವವರು ಸಮ್ಮೇಳನದ ದಿನಗಳನ್ನು ಮೊದಲು ನೋಡಿ ಬಿಟ್ಟುಕೊಡುವುದು ಜಾಣತನ. ಬಾಡಿಗೆ ತಲೆಗೆ ಇಷ್ಟೆಂದಲ್ಲ, ಕೋಣೆಗೆ ಇಷ್ಟೆಂದು. ಹಂಚಿಕೊಳ್ಳಲು ಜೊತೆಗಾರರಿಲ್ಲದವರು ಪೂರ್ತಿ ತೆರಬೇಕು.

ಒಂದು ಕಾಲದಲ್ಲಿ ಕೋಣೆಯೂ ಊಟವೂ ಇಲ್ಲಿ ತೀರಾ ಅಗ್ಗವಾಗಿದ್ದವು. ಎಲ್ ರಾಂಚೊ ಹೋಟೆಲ್ 1940ರ ದಶಕದಲ್ಲಿ ಒಂದು ಡಾಲರಿಗೆ ಹೊಟ್ಟೆ ತುಂಬ ಊಟ ಹಾಕುವ ಬಫೆ ಆರಂಭಿಸಿತು. ಆಟಗಾರ ಊಟಕ್ಕೆಂದು ಎದ್ದು ಬೇರೆಡೆಗೆ ಹೋಗದಿರಲಿ ಎಂಬುದೇ ಅದರ ಉದ್ದೇಶ. ಊಟದಲ್ಲಿ ಆದ ನಷ್ಟವನ್ನು ಜೂಜಿನ ಮೇಜು ತುಂಬಿಕೊಡುತ್ತಿತ್ತು. 1989ರಲ್ಲಿ 'ಮಿರಾಜ್' ಹೋಟೆಲ್ ತೆರೆದ ಮೇಲೆ ಲೆಕ್ಕ ಬದಲಾಯಿತು. ಬಾಗಿಲಲ್ಲೇ ಕೃತಕ ಜ್ವಾಲಾಮುಖಿ, ಒಳಗೆ ಭಾರಿ ಪ್ರದರ್ಶನಗಳು. ಜೂಜಾಡದವರೂ ನೋಡಲೆಂದೇ ಬರತೊಡಗಿದರು. 1993ರಲ್ಲಿ 5,000ಕ್ಕೂ ಹೆಚ್ಚು ಕೋಣೆಗಳ 'ಎಂ.ಜಿ.ಎಂ. ಗ್ರ್ಯಾಂಡ್', 1998ರಲ್ಲಿ ಕಾರಂಜಿಗಳ 'ಬೆಲ್ಲಾಜಿಯೊ' ಬಂದವು. ಆ ದಶಕ ಮುಗಿಯುವ ವೇಳೆಗೆ ಸ್ಟ್ರಿಪ್‌ನ ದೊಡ್ಡ ಹೋಟೆಲ್‌ಗಳ ಆದಾಯದಲ್ಲಿ ಜೂಜಿಗಿಂತ ಕೋಣೆ, ಊಟ, ಪ್ರದರ್ಶನಗಳ ಪಾಲೇ ಹೆಚ್ಚಾಯಿತು. ಪರಿಣಾಮವಾಗಿ ಅಗ್ಗದ ಊಟ ಮಾಯವಾಯಿತು. ಬಾಡಿಗೆಯ ಮೇಲೆ 'ರೆಸಾರ್ಟ್ ಶುಲ್ಕ' ಎಂಬ ಇನ್ನೊಂದು ಮೊತ್ತ ಸೇರಿಕೊಂಡಿತು. ಜಾಹೀರಾತಿನಲ್ಲಿ ಒಂದು ಬೆಲೆ, ಬಿಲ್ಲಿನಲ್ಲಿ ಇನ್ನೊಂದು ಎಂಬ ದೂರು ಎಷ್ಟು ಹೆಚ್ಚಿತೆಂದರೆ, 2025ರ ಮೇ 12ರಿಂದ ಎಲ್ಲ ಕಡ್ಡಾಯ ಶುಲ್ಕಗಳನ್ನೂ ಸೇರಿಸಿದ ಬೆಲೆಯನ್ನೇ ಮೊದಲು ತೋರಿಸಬೇಕೆಂಬ ನಿಯಮವನ್ನು ಅಮೆರಿಕದ ಕೇಂದ್ರ ಸರ್ಕಾರ ಜಾರಿಗೆ ತರಬೇಕಾಯಿತು. ಮಿರಾಜ್ ಹೋಟೆಲ್ ಮಾತ್ರ 2024ರ ಜುಲೈನಲ್ಲಿ ಮುಚ್ಚಿತು.

ಜೇಬಿನಲ್ಲಿ ಎಷ್ಟಿರಬೇಕು?

ಧರ್ಮರಾಯನ ದ್ಯೂತದ ಕಥೆಯನ್ನು ಹರಿಕಥೆಯಲ್ಲೋ ತಾಳಮದ್ದಳೆಯಲ್ಲೋ ಕೇಳಿ ಬೆಳೆದವರಿಗೆ ಜೂಜೆಂದರೆ ಶಕುನಿಯ ದಾಳ ನೆನಪಾಗುತ್ತದೆ, ಮೋಸ ನೆನಪಾಗುತ್ತದೆ. ಲಾಸ್ ವೇಗಾಸ್‌ನಲ್ಲಿ ಶಕುನಿಯ ಅಗತ್ಯವಿಲ್ಲ. ಅಲ್ಲಿ ಬರಿಯ ಅಂಕಗಣಿತ ಸಾಕು.

ರೂಲೆಟ್ ಚಕ್ರವನ್ನೇ ನೋಡಬಹುದು. ಅಮೆರಿಕದ ಚಕ್ರದಲ್ಲಿ 1ರಿಂದ 36ರವರೆಗಿನ ಸಂಖ್ಯೆಗಳ ಜೊತೆ ಎರಡು ಸೊನ್ನೆಯ ಮನೆಗಳಿದ್ದು ಒಟ್ಟು 38 ಮನೆಗಳು. ಒಬ್ಬ ಆಟಗಾರ ಎಲ್ಲ 38 ಮನೆಗಳ ಮೇಲೂ ಒಂದೊಂದು ಡಾಲರ್ ಇಟ್ಟನೆಂದುಕೊಳ್ಳೋಣ. ಚೆಂಡು ಎಲ್ಲಿಯೇ ಬೀಳಲಿ, ಅವನ ಕೈಗೆ ಬರುವುದು ಗೆಲುವಿನ 35 ಮತ್ತು ಇಟ್ಟಿದ್ದ 1, ಒಟ್ಟು 36 ಡಾಲರ್. ಉಳಿದ ಎರಡು ಡಾಲರ್ ಹೋಟೆಲಿನ ಪಾಲು. ಅಂದರೆ ನೂರಕ್ಕೆ 5.26. ಒಂದೇ ಸೊನ್ನೆಯ ಯುರೋಪಿನ ಚಕ್ರದಲ್ಲಿ ಇದು 2.7. ಈಚಿನ ವರ್ಷಗಳಲ್ಲಿ ಸ್ಟ್ರಿಪ್‌ನ ಕೆಲವೆಡೆ ಮೂರು ಸೊನ್ನೆಯ ಚಕ್ರಗಳೂ ಬಂದಿದ್ದು, ಅಲ್ಲಿ ಹೋಟೆಲಿನ ಪಾಲು ನೂರಕ್ಕೆ 7.69. ನೋಡುವುದಕ್ಕೆ ಎಲ್ಲ ಚಕ್ರವೂ ಒಂದೇ ಥರ.

ಒಂದು ಸಲಕ್ಕೆ 10 ಡಾಲರಿನಂತೆ ಗಂಟೆಗೆ 40 ಸಲ ಆಡಿದರೆ ಮೇಜಿನ ಮೇಲೆ ಹರಿದಾಡುವ ಹಣ 400 ಡಾಲರ್. ಎರಡು ಸೊನ್ನೆಯ ಚಕ್ರದಲ್ಲಿ ಸರಾಸರಿ ನಷ್ಟ ಗಂಟೆಗೆ 21 ಡಾಲರ್. ಒಂದು ಗಂಟೆ ಗೆಲ್ಲಬಹುದು, ಇನ್ನೊಂದು ಗಂಟೆ ಎಲ್ಲವೂ ಹೋಗಬಹುದು. ಆದರೆ ಆಟ ಉದ್ದವಾದಷ್ಟೂ ಲೆಕ್ಕ ಈ ಸರಾಸರಿಯತ್ತ ಬರುತ್ತದೆ. ಗುಂಡಿ ಒತ್ತುವ ಸ್ಲಾಟ್ ಯಂತ್ರಗಳು ಲೆಕ್ಕಾಚಾರದ ಪ್ರಕಾರ ಹಾಕಿದ ಹಣದಲ್ಲಿ ಕನಿಷ್ಠ ನೂರಕ್ಕೆ 75ರಷ್ಟನ್ನು ಆಟಗಾರರಿಗೆ ಮರಳಿಸಬೇಕೆಂಬುದು ನೆವಾಡದ ನಿಯಮ. ಕಾನೂನು ಕೊಡುವ ರಕ್ಷಣೆ ಅಷ್ಟೇ ಎಂಬುದನ್ನೂ ಇದರಿಂದಲೇ ತಿಳಿಯಬಹುದು.

ಈ ಲೆಕ್ಕವನ್ನು ತಿರುಗಿಸಲು ಹೊರಟವರೂ ಇದ್ದರು. ಗಣಿತದ ಪ್ರಾಧ್ಯಾಪಕ ಎಡ್ವರ್ಡ್ ಥಾರ್ಪ್ 1962ರಲ್ಲಿ ಬರೆದ ಪುಸ್ತಕದಲ್ಲಿ, ಬ್ಲ್ಯಾಕ್‌ಜಾಕ್ ಆಟದಲ್ಲಿ ಬಿದ್ದ ಎಲೆಗಳನ್ನು ನೆನಪಿಟ್ಟು ಎಣಿಸಿದರೆ ಆಟಗಾರನೇ ಮೇಲುಗೈ ಪಡೆಯಬಹುದೆಂದು ತೋರಿಸಿದರು. ಹೋಟೆಲ್‌ಗಳು ಕಂಗಾಲಾದವು. 1964ರಲ್ಲಿ ಆಟದ ನಿಯಮ ಬಿಗಿ ಮಾಡಿದವು. ಗಿರಾಕಿಗಳು ಕಡಿಮೆಯಾದಾಗ ಹಿಂದೆಗೆದುಕೊಂಡವು. ಆಮೇಲೆ ತಿಳಿದ ಸಂಗತಿ, ಪುಸ್ತಕ ಓದಿ ಬಂದವರಲ್ಲಿ ಬಹುಪಾಲು ಜನ ಸರಿಯಾಗಿ ಎಣಿಸಲಾರದೆ ಸೋಲುತ್ತಿದ್ದರು. ಪುಸ್ತಕದಿಂದ ಹೋಟೆಲ್‌ಗಳಿಗೆ ಲಾಭವೇ ಆಯಿತು! ಮನಸ್ಸಿನಲ್ಲಿ ಎಲೆ ಎಣಿಸುವುದು ನೆವಾಡದಲ್ಲಿ ಅಪರಾಧವಲ್ಲ. ಆದರೆ ಅಂಥವರನ್ನು ಆಟದಿಂದ ಎಬ್ಬಿಸುವ ಅಧಿಕಾರ ಹೋಟೆಲಿಗಿದೆ.

ಆದ್ದರಿಂದ ಮೊದಲ ಸಲ ಹೋಗುವವನು ಜೂಜಿಗೆ ಇಟ್ಟ ಹಣವನ್ನು ಸಿನಿಮಾ ಟಿಕೆಟ್ಟಿನ ಹಣದಂತೆ ಖರ್ಚಿನ ಬಾಬ್ತಿಗೆ ಬರೆದುಬಿಡುವುದು ಒಳ್ಳೆಯದು. ಅದು ಮುಗಿದಾಗ ಆಟವೂ ಮುಗಿಯಬೇಕು. ಜೊತೆಗಿರುವ ಸ್ನೇಹಿತ ತೋಳು ಹಿಡಿದು 'ಸಾಕು ಏಳು' ಎನ್ನಬಲ್ಲ. ಒಂಟಿ ಪ್ರವಾಸಿಗೆ ಆ ಅನುಕೂಲವಿಲ್ಲ. ಆಡುತ್ತಿರುವವರೆಗೆ ಮದ್ಯ ಪುಕ್ಕಟೆ. ಹಳೆಯ ಮಾದರಿಯ ಜೂಜಿನ ಹಜಾರಗಳಲ್ಲಿ ಗಡಿಯಾರವಿಲ್ಲ, ಕಿಟಕಿಯಿಲ್ಲ. ಹೊತ್ತು ಹೋದದ್ದು ತಿಳಿಯದಿರಲಿ ಎಂದೇ ಹಾಗೆ ಕಟ್ಟಿದ್ದು. ಕೈಗಡಿಯಾರ ಕಟ್ಟಿಕೊಂಡು ಹೋಗುವುದು ಇಲ್ಲಿ ಹಣ ಉಳಿಸುವ ದಾರಿಯೂ ಹೌದು. 21 ವರ್ಷ ತುಂಬದವರಿಗೆ ಜೂಜು ಕಾನೂನುಬಾಹಿರ. ಗೀಳು ಹತ್ತಿದವರು ನೆರವು ಕೇಳಬೇಕಾದ ವಿವರವನ್ನು ಹೋಟೆಲ್‌ಗಳೇ ಪ್ರಕಟಿಸಬೇಕೆಂಬ ನಿಯಮವೂ ಇದೆ.

ಒಬ್ಬರೇ ಓಡಾಡುವವರಿಗೆ

ಸ್ಟ್ರಿಪ್‌ನ ಉದ್ದ ಸುಮಾರು ಏಳು ಕಿಲೋಮೀಟರ್. 'ಎದುರಿಗೇ ಕಾಣುತ್ತಿದೆಯಲ್ಲ' ಎಂದು ನಡೆದು ಹೊರಟವರು ಬಹಳ ಹೊತ್ತಾದರೂ ಆ ಹೋಟೆಲ್ ತಲುಪುವುದಿಲ್ಲ. ಕಾರಿನಲ್ಲಿ ಬರುವವರ ಕಣ್ಣಿಗಾಗಿ ಕಟ್ಟಿದ ಬೀದಿ ಇದು. ರಾಬರ್ಟ್ ವೆಂಚೂರಿ, ಡೆನಿಸ್ ಸ್ಕಾಟ್ ಬ್ರೌನ್, ಸ್ಟೀವನ್ ಐಜನೂರ್ ಎಂಬ ವಾಸ್ತುಶಿಲ್ಪಿಗಳು 1968ರಲ್ಲಿ ಯೇಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳನ್ನು ಕರೆತಂದು ಈ ಬೀದಿಯನ್ನು ಅಧ್ಯಯನ ಮಾಡಿ 1972ರಲ್ಲಿ ಪುಸ್ತಕ ಪ್ರಕಟಿಸಿದರು. ಇಲ್ಲಿ ಕಟ್ಟಡಕ್ಕಿಂತ ನಾಮಫಲಕವೇ ಮುಖ್ಯ ಎಂಬುದು ಅವರು ಕಂಡ ಸಂಗತಿಗಳಲ್ಲಿ ಒಂದು. ಬೇಸಿಗೆಯ ಬಿಸಿಲನ್ನೂ ಮರೆಯುವಂತಿಲ್ಲ. 2024ರ ಜುಲೈ 7ರಂದು ಇಲ್ಲಿನ ತಾಪಮಾನ 48.9 ಡಿಗ್ರಿ ಸೆಲ್ಸಿಯಸ್ ಮುಟ್ಟಿ ದಾಖಲೆಯಾಯಿತು.

ಕೋಣೆಯ ಬಾಗಿಲ ಹಿಂದೆ ಅಂಟಿಸಿರುವ ತುರ್ತು ನಿರ್ಗಮನದ ನಕ್ಷೆಯನ್ನು ಒಮ್ಮೆ ನೋಡಿಕೊಳ್ಳುವುದೂ ಅಗತ್ಯ. 1980ರ ನವೆಂಬರ್ 21ರಂದು ಅಂದಿನ ಎಂ.ಜಿ.ಎಂ. ಗ್ರ್ಯಾಂಡ್ ಹೋಟೆಲಿಗೆ ಬೆಂಕಿ ಬಿದ್ದು 80ಕ್ಕೂ ಹೆಚ್ಚು ಜನ ಸತ್ತರು. ಬೆಂಕಿ ಇದ್ದದ್ದು ಕೆಳಗೆ. ಸತ್ತವರಲ್ಲಿ ಹೆಚ್ಚಿನವರು ಮೇಲಿನ ಅಂತಸ್ತುಗಳಲ್ಲಿ ಹೊಗೆಯಿಂದ ಉಸಿರುಗಟ್ಟಿದವರು. ಜೂಜಿನ ಹಜಾರದಲ್ಲಿ ನೀರು ಚಿಮ್ಮಿಸುವ ಸ್ವಯಂಚಾಲಿತ ವ್ಯವಸ್ಥೆ ಇರಲಿಲ್ಲ. ಆ ಮೇಲೆ ಎತ್ತರದ ಎಲ್ಲ ಹೋಟೆಲ್‌ಗಳಿಗೂ ಅದನ್ನು ಕಡ್ಡಾಯ ಮಾಡಲಾಯಿತು.

ಊರು ನಡೆಸುವವರು

2024ರಲ್ಲಿ ನಾಲ್ಕು ಕೋಟಿಗೂ ಹೆಚ್ಚು ಪ್ರವಾಸಿಗಳು ಲಾಸ್ ವೇಗಾಸ್‌ಗೆ ಬಂದರು. ಇವರ ಹಾಸಿಗೆ ಸರಿಪಡಿಸುವವರು, ಊಟ ಬಡಿಸುವವರು ಅಲ್ಲಿಯೇ ನೆಲಸಿದ ಸಂಸಾರಸ್ಥರು. 1991ರ ಸೆಪ್ಟೆಂಬರ್ 21ರಂದು ಫ್ರಾಂಟಿಯರ್ ಹೋಟೆಲಿನ ಸುಮಾರು 550 ನೌಕರರು ಸಂಬಳ, ಪಿಂಚಣಿ, ಆರೋಗ್ಯ ಸೌಲಭ್ಯಗಳ ಪ್ರಶ್ನೆಯ ಮೇಲೆ ಮುಷ್ಕರ ಹೂಡಿದರು. ಹಗಲೂ ರಾತ್ರಿ ಹೋಟೆಲಿನ ಮುಂದೆ ಸರದಿಯಲ್ಲಿ ನಿಂತರು. ಮುಷ್ಕರ ಮುಗಿದದ್ದು 1998ರ ಫೆಬ್ರವರಿ 1ರಂದು, ಹೋಟೆಲ್ ಹೊಸ ಮಾಲೀಕರ ಕೈಸೇರಿದಾಗ. ಆರು ವರ್ಷಕ್ಕೂ ಮಿಕ್ಕಿದ ಈ ಅವಧಿಯಲ್ಲಿ ಮುಷ್ಕರ ಮುರಿದು ಕೆಲಸಕ್ಕೆ ಹೋದವರು ಒಬ್ಬರೂ ಇರಲಿಲ್ಲ. ಅದೃಷ್ಟವನ್ನು ನಂಬಿ ಬರುವವರ ಊರಿನಲ್ಲಿ, ಅದೃಷ್ಟವನ್ನು ನಂಬದೆ ಗೆದ್ದವರು ಇವರು.

ಊರಿಗೆ ಹೆಸರು ಕೊಟ್ಟ ಚಿಲುಮೆಗಳು ಅತಿಬಳಕೆಯಿಂದ 1962ರಲ್ಲಿ ಬತ್ತಿದವು. ಈಗ ನೀರಿನ ಬಹುಪಾಲು ಬರುವುದು ಹೂವರ್ ಅಣೆಕಟ್ಟಿನ ಹಿಂದಿನ ಮೀಡ್ ಸರೋವರದಿಂದ. 2022ರ ಜುಲೈನಲ್ಲಿ ಆ ಸರೋವರದ ಮಟ್ಟ, ಅದು ತುಂಬಿದ 1930ರ ದಶಕದ ನಂತರ ಎಂದೂ ಇಳಿಯದಷ್ಟು ಇಳಿದಿತ್ತು. ಕಟ್ಟಡಗಳ ಒಳಗೆ ಬಳಸಿದ ನೀರನ್ನೆಲ್ಲ ಶುದ್ಧಮಾಡಿ ಸರೋವರಕ್ಕೇ ಮರಳಿಸುವ ವ್ಯವಸ್ಥೆ ಅಲ್ಲಿದೆ. ಬರಿಯ ಅಲಂಕಾರಕ್ಕಾಗಿ ಬೆಳೆಸಿದ ಹುಲ್ಲುಹಾಸನ್ನು ತೆಗೆಸಲು 2021ರಲ್ಲಿ ಕಾನೂನೇ ಆಯಿತು. ಹುಲ್ಲುಗಾವಲೆಂದು ಹೆಸರು ಪಡೆದ ಊರು ಈಗ ಹುಲ್ಲನ್ನು ಕಿತ್ತು ಉಳಿಯಬೇಕಾಗಿದೆ.

ಹೀಗೆ ನೋಡಿದರೆ, ಒಬ್ಬರೇ ಹೊರಡುವವರ ಪಟ್ಟಿಗೆ ಇನ್ನೆರಡು ಸಾಲು ಸೇರಿಸಬಹುದು. ಒಂದು, ಅರ್ಧ ದಿನ ಬಿಡುವು ಮಾಡಿಕೊಂಡು ಅಣೆಕಟ್ಟನ್ನು ನೋಡಿ ಬರುವುದು. ಇನ್ನೊಂದು, ಹೊರಡುವ ಬೆಳಿಗ್ಗೆ ಕೋಣೆ ಗುಡಿಸಲು ಬರುವವರಿಗೆ ನಾಲ್ಕು ಡಾಲರ್ ಮೇಜಿನ ಮೇಲೆ ಇಟ್ಟು ಬರುವುದು. ಲಾಸ್ ವೇಗಾಸ್‌ನಲ್ಲಿ ಖರ್ಚು ಮಾಡುವ ಹಣದಲ್ಲಿ, ಯಾರ ಕೈಗೆ ಹೋಯಿತೆಂದು ಖಚಿತವಾಗಿ ಹೇಳಬಹುದಾದ ಹಣ ಅದೊಂದೇ.